ಸ್ಕೇಲಿಗೆ ಕೂತವಳು

ಮದುವೆಮನೆಗೆ ಹೋದರೆ ನಾನು ವಧೂವರರಿಗಿಂತ ಮೊದಲು ಛತ್ರದ ಮೆಟ್ಟಿಲು ನೋಡುತ್ತೇನೆ. ಉಳಿದವರು ಅಕ್ಷತೆ ಹಿಡಿದು ಮಂಟಪದ ಕಡೆ ನಡೆಯುತ್ತಿದ್ದರೆ ನನ್ನ ಪಾದ ಮಾತ್ರ ಮೆಟ್ಟಿಲಿನ ಅಗಲದ ಮೇಲೆ ನಿಂತು, ಹಿಮ್ಮಡಿಗೆ ಜಾಗ ಇದೆಯೋ ಇಲ್ಲವೋ ಎಂದು ಪರೀಕ್ಷೆ ನಡೆಸುತ್ತಿರುತ್ತದೆ. ದೇವಸ್ಥಾನದಲ್ಲಿ ಮಂಗಳಾರತಿ ತಟ್ಟೆ ಮುಂದೆ ಬಂದು ನಿಂತರೂ ನನ್ನ ಕಣ್ಣು ಕಂಬದ ನೆತ್ತಿ ಬಿಟ್ಟು ಇಳಿಯುವುದಿಲ್ಲ. ಅರ್ಚಕರು ಇದನ್ನು ಭಕ್ತಿ ಎಂದು ತಿಳಿದು ಒಂದು ಹೂವು ಹೆಚ್ಚಿಗೆ ಕೊಡುತ್ತಾರೆ. ನಾನು ಕಂಬ ನೋಡುತ್ತಿದ್ದೆ ಸ್ವಾಮಿ ಎಂದು ಹೇಳಲು ಬಾಯಿ ಬರದೆ ಹೂವು ಮುಡಿದುಕೊಂಡು ಬರುತ್ತೇನೆ. ಆರ್ಕಿಟೆಕ್ಟ್ ಆದವರ ಪಾಡೇ ಇಷ್ಟು.

ಇಷ್ಟೆಲ್ಲ ನೋಡುವ ನಾನು ಊರು ಸುತ್ತಿದವಳೇನಲ್ಲ. ನಮ್ಮ ಕಸುಬಿನಲ್ಲಿ ಇದು ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ಮಾತೂ ಅಲ್ಲ. ಬೇರೆಯವರ ಕಚೇರಿ ಕೇಳದ ಸಂಗೀತಗಾರರು, ಬೇರೆಯವರ ಮನೆಯಲ್ಲಿ ಉಣ್ಣದ ಅಡುಗೆ ಭಟ್ಟರು ಇದ್ದರೆ ಅವರ ಸಾಲಿನಲ್ಲಿ ನನ್ನನ್ನೂ ಕೂರಿಸಬಹುದು. ಆರ್ಕಿಟೆಕ್ಟ್ ಅಂದರೆ ಬೆನ್ನಿಗೆ ಚೀಲ, ಕೈಯಲ್ಲಿ ಸ್ಕೆಚ್ ಪುಸ್ತಕ, ಇವತ್ತು ರಾಜಸ್ಥಾನ ನಾಳೆ ರೋಮು ಎಂದು ಜನ ತಿಳಿದಿದ್ದಾರೆ. ನಾನು ಸರಸ್ವತಿಪುರದ ಮನೆಯ ಮುಂದಿನ ಕೋಣೆಯಲ್ಲಿ ಆಫೀಸು ಇಟ್ಟುಕೊಂಡು, ಸೈಟಿನಿಂದ ಸೈಟಿಗೆ ಸ್ಕೂಟರಿನಲ್ಲಿ ಓಡಾಡಿ ಕೂದಲು ಬೆಳ್ಳಗೆ ಮಾಡಿಕೊಂಡವಳು.

ಹಾಗಂತ ಈ ವಿದ್ಯೆಗೆ ತಿರುಗಾಟ ಬೇಡವೆಂದಲ್ಲ. ನಮ್ಮ ಮೈಸೂರನ್ನೇ ನೋಡಿ. ಅರಮನೆಯ ಗುಮ್ಮಟ ಒಂದು ಸೀಮೆಯದು, ಕಮಾನು ಇನ್ನೊಂದು ಸೀಮೆಯದು, ಬಣ್ಣದ ಗಾಜು ಸಮುದ್ರ ದಾಟಿ ಬಂದದ್ದು. ಯಾರೋ ಎಲ್ಲೆಲ್ಲೋ ತಿರುಗಿ, ಕಂಡದ್ದನ್ನೆಲ್ಲ ತಂದು ಇಲ್ಲಿ ಸೇರಿಸಿದ್ದರಿಂದ ಇದು ಇಂಥ ಊರಾಯಿತು. ಸೋಮನಾಥಪುರದಲ್ಲಿ ಉಳಿ ಹಿಡಿದವರು ಬೇರೆ ಯಾವ ದೇವಸ್ಥಾನದ ಜಗತಿಯ ಮೇಲೂ ಬುತ್ತಿ ಬಿಚ್ಚಿ ಕೂತಿರಲಿಲ್ಲ ಎಂದರೆ ನಾನಂತೂ ನಂಬುವುದಿಲ್ಲ. ಕಟ್ಟುವವರು ಮೊದಲು ನಡೆಯಬೇಕು, ಆಮೇಲೆ ಕಟ್ಟಬೇಕು. ಇದನ್ನು ನಮ್ಮ ತಲೆಗೆ ತುಂಬಿದವರು ನಮ್ಮ ಮೇಷ್ಟ್ರು.

ಮೇಷ್ಟ್ರು ಅಂದರೆ ಕಾಲೇಜಿನಲ್ಲಿ ನಮಗೆ ಕಟ್ಟಡಗಳ ಚರಿತ್ರೆ ಹೇಳುತ್ತಿದ್ದವರು. ಬೆಳ್ಳನೆ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಸದಾ ಒಂದು ಅಳತೆ ಟೇಪು. ಮೊದಲ ವರ್ಷ ಸೇರಿದ ಕೂಡಲೇ ಪ್ರತಿಯೊಬ್ಬರೂ ನಮ್ಮ ನಮ್ಮ ಗೇಣು, ನಮ್ಮ ನಮ್ಮ ಹೆಜ್ಜೆ ಎಷ್ಟೆಂದು ಅಳೆದು ಬಾಯಿಪಾಠ ಮಾಡಬೇಕಿತ್ತು. ಟೇಪು ಮರೆತರೂ ಕೈಕಾಲು ಮರೆತು ಹೋಗುವುದಿಲ್ಲವಲ್ಲ ಎನ್ನುವುದು ಅವರ ವಾದ. ದೇವರಾಜ ಮಾರುಕಟ್ಟೆಯಲ್ಲಿ ಬಾಳೆಹಣ್ಣಿನ ಸಾಲಿನಿಂದ ಹೂವಿನ ಸಾಲಿನ ತನಕ ನಮ್ಮನ್ನು ಗೇಣು ಹಾಕಿಸಿಕೊಂಡು ನಡೆಸಿದಾಗ, ಹೂವಿನವರು ನಮ್ಮನ್ನು ಅಂಗಡಿ ತೆರವು ಮಾಡಿಸಲು ಬಂದವರೆಂದು ತಿಳಿದು ಬುಟ್ಟಿಗಳನ್ನು ಅಡ್ಡ ಇಟ್ಟು ಕೂತುಬಿಟ್ಟರು. ಮೇಷ್ಟ್ರು ಎಲ್ಲರಿಗೂ ಒಂದೊಂದು ಮೊಳ ಮಲ್ಲಿಗೆ ಕೊಂಡು ಸಮಾಧಾನ ಮಾಡಬೇಕಾಯಿತು. ಹುಡುಗರೂ ಹೂವು ಹಿಡಿದುಕೊಂಡೇ ಬಸ್ಸು ಹತ್ತಿದರು.

"ಕಣ್ಣಲ್ಲಿ ಎಲ್ರೂ ನೋಡ್ತಾರೆ ಕಣ್ರಪ್ಪಾ. ನೀವು ಕಾಲಲ್ಲಿ ನೋಡಿ" ಎನ್ನುತ್ತಿದ್ದರು. ಅದಕ್ಕೆ ಅಂಟಿಕೊಂಡ ಇನ್ನೊಂದು ನಿಯಮವಿತ್ತು: ಅಳತೆ ಮಾಡಿ ಬರೆಯುವ ಚಿತ್ರದಲ್ಲಿ ಕಾಣದ್ದನ್ನು ಬರೆಯಬಾರದು. ಒಂದು ಕಲ್ಲು ಬಿದ್ದುಹೋಗಿದ್ದರೆ ಬಿದ್ದುಹೋದ ಹಾಗೇ ಬರೆಯಬೇಕು.

ಮೂರನೇ ವರ್ಷ ನಮಗೆ ಸ್ಟಡಿ ಟೂರ್ ಬಂತು. ಗುಜರಾತಿನ ಒಂದು ಮೆಟ್ಟಿಲುಬಾವಿ. ಅದರ ಹೆಸರು ಹೇಳುವುದಿಲ್ಲ, ಹೇಳಿದರೆ ನೀವು ಈಗಲೇ ಮೊಬೈಲಿನಲ್ಲಿ ಹುಡುಕಿ ನೋಡಿಬಿಡುತ್ತೀರಿ. ನಾನು ಇಷ್ಟು ವರ್ಷ ಕಾದದ್ದನ್ನು ನೀವು ಕಾಫಿ ಕುಡಿಯುತ್ತ ನೋಡಿ ಮುಗಿಸುವುದನ್ನು ನನಗೆ ಸಹಿಸಲಾಗುವುದಿಲ್ಲ. ಇಷ್ಟು ಹೇಳುತ್ತೇನೆ: ಅದು ನಮ್ಮ ಮೇಲುಕೋಟೆಯ ಕಲ್ಯಾಣಿಯ ಹಾಗೆ ಆಕಾಶಕ್ಕೆ ಮುಖ ಮಾಡಿ ಕೂತದ್ದಲ್ಲ. ನೆಲದ ಒಳಗೇ ಇಳಿಯುವ ಅರಮನೆ. ಅಂತಸ್ತು ಅಂತಸ್ತಾಗಿ ಕಂಬಗಳ ನಡುವೆ ಇಳಿಯುತ್ತ ಹೋಗಬೇಕು, ತಳದಲ್ಲಿ ನೀರು.

ಹೊರಡಲು ಎರಡು ದಿನವಿದೆ ಎನ್ನುವಾಗ ನನ್ನ ಮೈಮೇಲೆ ಗುಳ್ಳೆ ಎದ್ದವು. ಸೀತಾಳೆ ಸಿಡುಬು. ನನ್ನ ತಾಯಿ ತಿ. ನರಸೀಪುರದ ಕಡೆಯವರು, ಗದ್ದೆ ಬಿಟ್ಟು ಅಪ್ಪನ ಹಿಂದೆ ಮೈಸೂರಿಗೆ ಬಂದರೂ ಮಾತು ಬಿಟ್ಟು ಬಂದಿರಲಿಲ್ಲ. ನಾನು ಹೋಗಿಯೇ ಹೋಗುತ್ತೇನೆಂದು ಹಟ ಹಿಡಿದು ಬ್ಯಾಗು ತಬ್ಬಿಕೊಂಡು ಕೂತಾಗ ಅವರು ಬೇವಿನ ಸೊಪ್ಪು ಹಾಸುತ್ತ ಒಂದೇ ಮಾತು ಹೇಳಿದರು.

"ಅಮ್ಮ ಬಂದವ್ಳೆ ಮನೆಗೆ. ಅವ್ಳನ್ನ ಬುಟ್ಟು ನೀನು ಎಲ್ಲಿಗೋಯ್ತೀಯ?"

ದೇವಿಯೇ ನೆಂಟಳಾಗಿ ಬಂದಿರುವಾಗ ನಾವು ಬೀಗ ಹಾಕಿಕೊಂಡು ಊರಿಗೆ ಹೋಗುವುದು ಯಾವ ಮರ್ಯಾದೆ? ಬೇವಿನ ಸೊಪ್ಪಿನ ಮೇಲೆ ಮಲಗಿ, ಚಾಮರಾಜಪುರಂ ಸ್ಟೇಷನ್ನಿನ ಕಡೆಯಿಂದ ರೈಲು ಕೂಗಿದಾಗೆಲ್ಲ, ನಮ್ಮ ಕ್ಲಾಸಿನವರು ಹೊರಟರು ಎಂದು ದಿಂಬು ಒದ್ದೆ ಮಾಡಿದೆ. ಅದು ನಂಜನಗೂಡಿಗೆ ಹೋಗುವ ರೈಲು ಎಂದು ಅಪ್ಪ ಎಷ್ಟು ಹೇಳಿದರೂ ಅಳು ನಿಲ್ಲಲಿಲ್ಲ.

ಗೆಳತಿಯರು ಮೈಯೆಲ್ಲ ಕಪ್ಪಾಗಿ, ಬಾಯಿತುಂಬ ಕತೆ ತುಂಬಿಕೊಂಡು ವಾಪಸು ಬಂದರು. ನನ್ನ ಗೆರೆ ಚೆನ್ನಾಗಿದೆಯೆಂದು ಇಡೀ ಬಾವಿಯ ದೊಡ್ಡ ಸೆಕ್ಷನ್ ಬರೆಯುವ ಕೆಲಸವನ್ನು ಮೇಷ್ಟ್ರು ನನಗೇ ಕೊಟ್ಟರು. ಸೆಕ್ಷನ್ ಅಂದರೆ ಕಟ್ಟಡವನ್ನು ಹಲಸಿನಹಣ್ಣಿನ ಹಾಗೆ ಉದ್ದಕ್ಕೆ ಸೀಳಿದರೆ ಒಳಗೆ ಏನು ಕಾಣುತ್ತದೋ ಆ ಚಿತ್ರ. ಅವರು ಅಳೆದು ತಂದ ಹಾಳೆಗಳನ್ನು ಹರಡಿಕೊಂಡು ನಾನು ಮನೆಯಲ್ಲೇ ಕೂತು ಒಂದೊಂದೇ ಮೆಟ್ಟಿಲು ಇಳಿದೆ. ನಡುವಿನ ಅಂತಸ್ತಿನಲ್ಲಿ, ಮೆಟ್ಟಿಲು ಮುಗಿದು ತುಸು ಸಮತಟ್ಟಾಗುವ ಕಡೆ, ಗೋಡೆಗೆ ಸೇರಿದ ಹಾಗೆ ಒಂದು ಕಲ್ಲಿನ ಕಟ್ಟೆ ಇತ್ತು. ಅದರ ಎತ್ತರದ ಮುಂದೆ ಮಾತ್ರ ಅಂಗುಲವೂ ಇಲ್ಲ, ಸೆಂಟಿಮೀಟರೂ ಇಲ್ಲ. 'ನಾಲ್ಕು ಸುನಂದಾ ಗೇಣು' ಎಂದು ಬರೆದಿತ್ತು. ಟೇಪು ಆಗ ಬಾವಿಯ ಇನ್ನೊಂದು ತುದಿಯಲ್ಲಿತ್ತಂತೆ.

ಸುನಂದಾ ನನ್ನ ಆಪ್ತ ಗೆಳತಿ. ಅವಳ ಗೇಣು ಅವಳಿಗೆ ಬಾಯಿಪಾಠ ಇರಬೇಕಾಗಿತ್ತು, ಆದರೆ ಅವಳು ಬಾಯಿಪಾಠ ಮಾಡಿದ್ದು ತಿರುಗಿ ಬರುವ ಹೊತ್ತಿಗೆ ಮರೆತುಹೋಗಿತ್ತು. ಹೇಳಿ ಕಳಿಸಿದೆ, ಬಂದಳು. ಸಿಡುಬಿನ ಹೆದರಿಕೆಗೆ ಹೊಸಿಲು ಮಾತ್ರ ದಾಟಲಿಲ್ಲ. ಬೀದಿಯಲ್ಲೇ ನಿಂತು ಕಿಟಕಿಯ ಎರಡು ಸರಳುಗಳ ನಡುವೆ ಬೆರಳಷ್ಟೇ ತೂರಿಸಿ, ಆದಷ್ಟು ಅಗಲಿಸಿ, ಬೇಗ ಅಳೆ ಕಣೇ ಎಂದಳು. ನಾನು ಒಳಗಿನಿಂದ ಸ್ಕೇಲು ಹಿಡಿದು ಅಳೆದೆ. ಲೆಕ್ಕ ಹಾಕಿದಾಗ ಕಟ್ಟೆಯ ಎತ್ತರ ಕೂರುವುದಕ್ಕೆ ಹೇಳಿ ಮಾಡಿಸಿದ ಹಾಗೆ ಬಂತು. ಖುಷಿಯಾಯಿತು.

ನಮ್ಮ ಚಿತ್ರಗಳಲ್ಲಿ ಒಂದು ಪದ್ಧತಿ ಉಂಟು. ಕಟ್ಟಡ ಎಷ್ಟು ದೊಡ್ಡದು ಎಂದು ಗೊತ್ತಾಗಲೆಂದು ಪಕ್ಕದಲ್ಲಿ ಒಂದು ಮನುಷ್ಯಾಕಾರ ಬರೆಯುತ್ತೇವೆ. ಅವರಿಗೆ ಹೆಸರಿಲ್ಲ, ಮುಖವೂ ಇರುವುದಿಲ್ಲ. ಸ್ಕೇಲಿಗೆ ಒಬ್ಬರು, ಅಷ್ಟೇ. ಎಲ್ಲ ಗೆರೆ ಮುಗಿದ ಮೇಲೆ ನಾನು ಆ ಕಟ್ಟೆಯ ಮೇಲೆ ಒಬ್ಬಳನ್ನು ಕೂರಿಸಿದೆ. ಲಂಗ, ದಾವಣಿ, ಎರಡು ಜಡೆ. ಕಾಲೇಜಿನಲ್ಲಿ ಆಗ ಎರಡು ಜಡೆ ಹಾಕುತ್ತಿದ್ದವಳು ನಾನೊಬ್ಬಳೇ.

ಮೇಷ್ಟ್ರು ಹಾಳೆಯ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದರು. ಕಂಬ, ಕಮಾನು, ನೀರು ಎಲ್ಲ ದಾಟಿ ಅವರ ಬೆರಳು ಅಲ್ಲಿಗೇ ಬಂದು ನಿಂತಿತು. ಇದ್ಯಾರಮ್ಮ ಎಂದರು. ಸ್ಕೇಲಿಗೆ ಸರ್, ಎಂದೆ. ನಕ್ಕರು. ಆಮೇಲೆ ಕೆಂಪು ಪೆನ್ನು ತೆಗೆದು ಪೂರ್ತಿ ಮಾರ್ಕಿಗೆ ಒಂದು ಕಡಿಮೆ ಹಾಕಿದರು.

"ಒಂದು ಮಾರ್ಕು ನನ್ ಹತ್ರ ಇರ್ಲಿ. ಅಲ್ಲಿ ಹೋಗಿ ಕೂತ್ಕೊಂಡು ಬಾ, ಕೊಡ್ತೀನಿ" ಎಂದರು.

ಹೋಗುವುದೇನು ಮಹಾ, ರೈಲು ಇದೆ, ಟಿಕೆಟ್ಟು ಸಿಗುತ್ತದೆ ಎಂದುಕೊಂಡೆ. ಬದುಕಿನಲ್ಲಿ ಯಾವುದು ಸುಲಭವಾಗಿ ಸಿಗುತ್ತದೋ ಅದೇ ಮುಂದೆ ಹೋಗುತ್ತಿರುತ್ತದೆ. ಮದುವೆಯಾಯಿತು. ಗಂಡನಿಗೆ ಆಫೀಸಿನಿಂದ ಪ್ರವಾಸದ ಸೌಲಭ್ಯ ಬಂದಾಗೆಲ್ಲ ಮನೆಯಲ್ಲಿ ಮತ ಹಾಕಿದೆವು, ಪ್ರತಿಸಲವೂ ಬಾವಿಗೆ ಒಂದೇ ಮತ. ಬಾವಿ ನೋಡೋದಕ್ಕೆ ಯಾರಾದರೂ ರಜಾ ಹಾಕುತ್ತಾರಾ ಎಂದು ನನ್ನ ಗಂಡ ಬಹಳ ಮೆಲ್ಲಗೆ, ನೋವಾಗದ ಹಾಗೆ ಕೇಳುತ್ತಿದ್ದರು. ಮಗಳು ಹುಟ್ಟಿದಳು, ಆಫೀಸು ಶುರುವಾಯಿತು. ಆಮೇಲೆ ಸದಾ ಯಾವುದಾದರೂ ಒಂದು ಸೈಟಿನಲ್ಲಿ ತಾರಸಿ ಹಾಕುವ ದಿನ ಹತ್ತಿರವಿರುತ್ತಿತ್ತು. ತಾರಸಿ ಹಾಕುವ ದಿನ ಆರ್ಕಿಟೆಕ್ಟ್ ಊರಲ್ಲಿಲ್ಲ ಎಂದರೆ ಹೆರಿಗೆಯ ದಿನ ತವರಿನವರು ಇಲ್ಲದ ಹಾಗೆ. ಹಾಗಾಗಿ ನಾನು ಊರಲ್ಲೇ ಇದ್ದೆ. ಅಷ್ಟರಲ್ಲಿ ಮೇಷ್ಟ್ರು ತೀರಿಕೊಂಡರು. ಅವರ ಮನೆಯ ಮುಂದೆ ಚಪ್ಪಲಿ ಬಿಡುವಾಗ ನೆನಪಾದದ್ದು ಆ ಒಂದು ಮಾರ್ಕೇ. ಇನ್ನು ಹೋಗಿ ಬಂದರೂ ಯಾರನ್ನು ಕೇಳಲಿ?

ನಾನು ಹೋಗದಿದ್ದರೇನು, ನನ್ನ ಬಳಿ ಮನೆ ಕಟ್ಟಿಸುವವರು ಎಲ್ಲ ಕಡೆ ಹೋಗಿ ಬರುತ್ತಾರೆ. ವಿಜಯನಗರದಲ್ಲಿ ಸೈಟು ಕೊಂಡ ಒಬ್ಬ ನಿವೃತ್ತ ಅಧಿಕಾರಿ ಸ್ವಿಟ್ಜರ್‌ಲೆಂಡಿನಿಂದ ಇಳಿದವರೇ ನೇರ ನನ್ನ ಆಫೀಸಿಗೆ ಬಂದು, ನೆಲ ಮುಟ್ಟುವಷ್ಟು ಇಳಿಜಾರಾದ ಮಾಡು ಬೇಕೆಂದರು. ಸಾರ್, ಅದು ಹಿಮ ಜಾರಿ ಬೀಳಲೆಂದು ಮಾಡಿದ್ದು, ನಮ್ಮಲ್ಲಿ ಜಾರಲು ಏನಿದೆ ಎಂದೆ. ಅವರು ಎದ್ದು ನಿಂತು, ಸೂರು ಎಷ್ಟು ಕೆಳಗೆ ಬಂದಿತ್ತು, ಅದರಡಿ ಬಗ್ಗಿ ಒಳಗೆ ಹೋದಾಗ ಎಷ್ಟು ಬೆಚ್ಚಗಿತ್ತು ಎಂದು ಕೈಯಾಡಿಸಿ ತೋರಿಸಿದರು. ನನಗೆ ನಗು ಬಂತು, ಅದರ ಬೆನ್ನಿಗೇ ಹೊಟ್ಟೆ ಉರಿಯಿತು. ನೋಡಿ ಬಂದವರ ಕೈ ಆಡುವ ರೀತಿಯೇ ಬೇರೆ. ಮಾಡು ಕಟ್ಟಿಕೊಟ್ಟೆ. ಪಾರಿವಾಳಗಳು ಅದರ ಮೇಲೆ ಜಾರಿ ಜಾರಿ ಬೇಸತ್ತು ಪಕ್ಕದ ಮನೆಗೆ ಹೋದವು. ಅದೊಂದು ಉಪಕಾರವಾಯಿತು ಮೇಡಂ ಎಂದು ಅವರ ಹೆಂಡತಿ ಈಗಲೂ ಹೇಳುತ್ತಾರೆ.

ನಕ್ಕೆನಲ್ಲ, ನನ್ನ ಕತೆ ಕೇಳಿ. ಅವರಾದರೂ ಕಂಡದ್ದನ್ನು ಕಟ್ಟಿಸಿದರು. ನಾನು ಕಾಣದ್ದನ್ನು ಊರ ತುಂಬ ಕಟ್ಟಿಸಿದ್ದೇನೆ. ನಾನು ಮಾಡಿದ ಯಾವ ಮನೆಗೆ ಹೋದರೂ ಮೆಟ್ಟಿಲು ತಿರುಗುವ ಕಡೆ, ಗೋಡೆಗೆ ಸೇರಿದ ಹಾಗೆ ಒಂದು ಕಟ್ಟೆ ಇರುತ್ತದೆ. ಎತ್ತರ ಸುನಂದಾಳ ಗೇಣಿನ ಲೆಕ್ಕದ್ದೇ. ಗಾರೆಯವರು ಅದನ್ನು 'ಮೇಡಂ ಕಟ್ಟೆ' ಎನ್ನುತ್ತಾರೆ, ಡ್ರಾಯಿಂಗ್ ನೋಡದೆ ಕಟ್ಟಿಬಿಡುತ್ತಾರೆ. ಹತ್ತುತ್ತ ಹತ್ತುತ್ತ ಒಂದು ಗಳಿಗೆ ಕೂರಲಿ, ಏನನ್ನಾದರೂ ನೆನೆಸಿಕೊಳ್ಳಲಿ ಎಂಬುದು ನನ್ನ ಆಸೆ. ಗೃಹಪ್ರವೇಶದ ದಿನ ಫೋಟೋಕ್ಕೆ ಕೂರುತ್ತಾರೆ. ಮಾರನೇ ದಿನದಿಂದ ಅದರ ಮೇಲೆ ಇಸ್ತ್ರಿಯಾದ ಬಟ್ಟೆ, ಹಳೇ ಪೇಪರು, ಮೇಲೆ ಒಯ್ಯಬೇಕಾದ ನೀರಿನ ಬಾಟಲಿ. ಜನಕ್ಕೆ ಕೂರುವುದಕ್ಕೂ ಬರುವುದಿಲ್ಲವಲ್ಲ ಎಂದು ನಾನು ಎಷ್ಟೋ ಸಲ ಗೊಣಗಿದ್ದುಂಟು.

ಗೆಳತಿಯರು ಸೇರಿದಾಗ ಟೂರಿನ ಮಾತು ಬಂದೇ ಬರುತ್ತದೆ. ಎಲ್ಲ ಕತೆಗಳೂ ನನಗೆ ಅವರಿಗಿಂತ ಚೆನ್ನಾಗಿ ಗೊತ್ತು, ತಪ್ಪಿದರೆ ತಿದ್ದುತ್ತೇನೆ. ಒಮ್ಮೆ ಮಾತಿನ ಭರದಲ್ಲಿ 'ನಾವು ಇಳಿದಾಗ' ಎಂದುಬಿಟ್ಟೆ. ಸುನಂದಾ ನನ್ನ ತಟ್ಟೆಗೆ ಇನ್ನೊಂದು ಮದ್ದೂರು ವಡೆ ಹಾಕಿದಳು. ಫೋಟೋ, ವಿಡಿಯೋ ಕಳಿಸಬೇಡಿ ಎಂದು ಎಲ್ಲರಿಗೂ ತಾಕೀತು ಮಾಡಿದ್ದೆ. ಟಿ.ವಿ.ಯಲ್ಲಿ ಬಾವಿ ಬಂದರೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ. ಬೇರೆಯವರ ಕಣ್ಣಲ್ಲಿ ನೋಡಿ ಮುಗಿಸಿಬಿಟ್ಟರೆ ನನ್ನ ಕಾಲಿಗೆ ಏನು ಉಳಿಯಿತು?

ಕಾಲು ಎಂದೆನಲ್ಲ, ಅದೇ ಕೈಕೊಟ್ಟಿತು. ಹೋದ ವರ್ಷ ಮಂಡಿನೋವಿಗೆ ತೋರಿಸಿದಾಗ ಡಾಕ್ಟರು ಮೆಟ್ಟಿಲು ಕಡಿಮೆ ಮಾಡಿ ಎಂದರು. ಆಚೆ ಬಂದು ಸ್ಕೂಟರ್ ಹತ್ತಿರ ನಿಂತು ಸುಮ್ಮನೆ ಅತ್ತುಬಿಟ್ಟೆ. ಆ ಬಾವಿಯ ಮೈತುಂಬ ಇರುವುದು ಮೆಟ್ಟಿಲು ಒಂದೇ. ಚಾಮುಂಡಿಬೆಟ್ಟವಾದರೆ ಮೊದಲು ಹತ್ತಬೇಕು, ಆಗದಿದ್ದರೆ ನಡುವೆಯೇ ನಂದಿಗೆ ಕೈಮುಗಿದು ತಿರುಗಬಹುದು. ಬಾವಿಯಲ್ಲಿ ಇಳಿಯುವಾಗ ಏನೂ ಗೊತ್ತಾಗುವುದಿಲ್ಲ, ಎಷ್ಟು ಇಳಿದೆವೋ ಅಷ್ಟನ್ನೂ ಆಮೇಲೆ ಹತ್ತಲೇಬೇಕು.

ಇಂಥ ಹೊತ್ತಿನಲ್ಲೇ ಹೋಗುವ ಅವಕಾಶ ಬಂತು. ವಾರಕ್ಕೆ ಎರಡು ದಿನ ನಾನು ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಈ ಸಲ ಅಲ್ಲಿನ ಮಕ್ಕಳ ಟೂರ್ ಆ ಬಾವಿಗೇ ಎಂದು ಗೊತ್ತಾಯಿತು, ಹುಡುಗಿಯರ ಜೊತೆಗೆ ಒಬ್ಬ ಮೇಡಂ ಬೇಕಿತ್ತು. ಸಭೆಯಲ್ಲಿ ಬೇರೆಯವರು ಬಾಯಿ ತೆರೆಯುವ ಮೊದಲೇ ಕೈ ಎತ್ತಿಬಿಟ್ಟೆ. ಮನೆಯಲ್ಲಿ ವಿಷಯ ಹೇಳಿದಾಗ ಗಂಡ ನನ್ನ ಮಂಡಿ ನೋಡಿದರು, ಮುಖ ನೋಡಿದರು. ಸಂಜೆ ಹೋಗಿ ಮಂಡಿಪಟ್ಟಿ ತಂದುಕೊಟ್ಟರು.

ಬಾವಿಯ ಬಾಯಿಯಲ್ಲಿ ನಿಂತಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಹುಡುಗರೆಲ್ಲ ಟೇಪು ಹಿಡಿದು ದಡದಡ ಇಳಿದುಹೋದರು. ನಾನು ಗೋಡೆ ಹಿಡಿದು ಒಂದೊಂದೇ ಕಾಲು ಇಟ್ಟೆ. ಗೆರೆ ಎಲ್ಲ ನನಗೆ ಗೊತ್ತಿತ್ತು, ಯಾವ ಕಂಬ ಆದ ಮೇಲೆ ಯಾವ ತೊಲೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಗೊತ್ತಿಲ್ಲದಿದ್ದದ್ದು ತಂಪು. ಇಳಿದಷ್ಟೂ ಅದು ಪಾದದಿಂದ ಮೇಲೆ ಹತ್ತಿ ಬರುತ್ತದೆ ಎಂದು ಯಾವ ಸೆಕ್ಷನ್ ತಾನೇ ಹೇಳೀತು? ನಮ್ಮ ಸದ್ದು ತಳಕ್ಕೆ ಹೋಗಿ ಬೇರೆ ಯಾರದೋ ಸದ್ದಾಗಿ ವಾಪಸು ಬರುತ್ತಿತ್ತು. ಕಾಲಲ್ಲಿ ನೋಡಿ ಎಂದು ಮೇಷ್ಟ್ರು ಹೇಳಿದ್ದು ಇದನ್ನೇ ಎಂದು ಗೊತ್ತಾದಾಗ ಅವರಿಗೆ ಹೇಳಬೇಕೆನಿಸಿತು.

ನಡುವಿನ ಅಂತಸ್ತು ತಲುಪುವ ಹೊತ್ತಿಗೆ ಮಂಡಿ ಸಾಕು ಎಂದಿತು. ಸಮತಟ್ಟಾದ ಜಾಗ, ಎಡಕ್ಕೆ ನನ್ನ ಕಟ್ಟೆ. ಹೋಗಿ ಕೂರೋಣವೆಂದು ಹತ್ತಿರ ನಡೆದರೆ, ಅದು ನನ್ನ ಸೊಂಟಕ್ಕೆ ಬಂತು. ಒಮ್ಮೆ ಎಗರಿ ನೋಡಿದೆ, ಆ ವಯಸ್ಸು ದಾಟಿ ಬಹಳ ದಿನವಾಗಿದೆ. ಎಲ್ಲಿ ತಪ್ಪಿದೆ ಎಂದು ಯೋಚಿಸುತ್ತ ಹೆಗಲ ಮೇಲಿನ ಚೀಲವನ್ನು ಅದರ ಮೇಲೆ ಇಟ್ಟೆ. ಬಗ್ಗಬೇಕಾಗಲಿಲ್ಲ, ಚೀಲ ತಾನಾಗಿ ಜಾರಿ ಕೂತಿತು, ಹೆಗಲು ಹಗುರಾಯಿತು. ಆಗ ಹೊಳೆಯಿತು. ಇದು ಕೂರುವ ಕಟ್ಟೆ ಅಲ್ಲವೇ ಅಲ್ಲ. ನೀರು ಹೊತ್ತು ಹತ್ತುವ ಹೆಂಗಸರು ಕೊಡ ಇಳಿಸಿ, ಉಸಿರು ತೆಗೆದುಕೊಂಡು, ಬಗ್ಗದೆ ಮತ್ತೆ ಸೊಂಟಕ್ಕೇರಿಸಲು ಮಾಡಿದ್ದು. ಸುನಂದಾ ಸರಿಯಾಗೇ ಅಳೆದಿದ್ದಳು. ಆಮೇಲೆ ಕಿಟಕಿಯ ಸರಳುಗಳ ಇಕ್ಕಟ್ಟಿನಲ್ಲಿ ಅವಳ ಬೆರಳು ಪೂರ್ತಿ ಅಗಲಿಸಲು ಆಗಿರಲಿಲ್ಲ, ಅಷ್ಟೇ. ಅಲ್ಲಿಂದಲೇ ಫೋನು ಮಾಡಿ ಹೇಳಿದೆ. ಅವಳು ನಕ್ಕು ನಕ್ಕು, ಹಾಗಾದ್ರೆ ನಿನ್ ಕಟ್ಟೆ ಮೇಲೆ ಬಟ್ಟೆ ಇಡೋರೇ ಸರಿ ಕಣೇ ಎಂದಳು.

ಮೈಸೂರಿನ ಮನೆಮನೆಯಲ್ಲೂ ಕೊಡ ಇಳಿಸುವ ಕಟ್ಟೆಯನ್ನು ಗಿಡ್ಡ ಮಾಡಿಸಿ, ಅದರ ಮೇಲೆ ಜನ ಕೂರುವುದಿಲ್ಲವೆಂದು ಗೊಣಗಿಕೊಂಡು ಬಂದಿದ್ದೆ ನಾನು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಕಟ್ಟೆಗೆ ಬೆನ್ನು ಕೊಟ್ಟು ಮೆಟ್ಟಿಲ ಮೇಲೆ ಕೂತೆ. ಕೆಳಗೆ ಹುಡುಗರು ಒಬ್ಬರನ್ನೊಬ್ಬರು ಕೂಗುತ್ತಿದ್ದರು. ಇನ್ನೆರಡು ಅಂತಸ್ತು ಇಳಿದರೆ ನೀರು, ಕೂತಲ್ಲಿಂದ ಅದು ಕಾಣುವುದಿಲ್ಲ, ಅದರ ಬೆಳಕು ಮಾತ್ರ ತೊಲೆಯ ಅಡಿಯಲ್ಲಿ ಅಲ್ಲಾಡುತ್ತಿತ್ತು. ಇಂಚರ ಎನ್ನುವ ನನ್ನ ವಿದ್ಯಾರ್ಥಿನಿ ಮೇಲೆ ಬಂದು, ಕೈ ಹಿಡ್ಕೋತೀನಿ ಬನ್ನಿ ಮ್ಯಾಮ್ ಎಂದಳು. ಹತ್ತುವುದನ್ನು ನೆನೆದು ಬೇಡ ಎಂದೆ. ಅವಳು ಸ್ವಲ್ಪ ಹೊತ್ತು ನನ್ನ ಪಕ್ಕದಲ್ಲಿ ಕೂತಿದ್ದು ಆಮೇಲೆ ಇಳಿದು ಹೋದಳು.

ಊರಿಗೆ ಬಂದು ಎಲ್ಲರೂ ಹಾಳೆ ಒಪ್ಪಿಸಿದರು. ಇಂಚರಳ ಸೆಕ್ಷನ್ ಎಲ್ಲರದಕ್ಕಿಂತ ಚೆನ್ನಾಗಿತ್ತು. ಕಟ್ಟೆ ಸೊಂಟದೆತ್ತರಕ್ಕೆ ಸರಿಯಾಗಿತ್ತು. ನನ್ನ ಬೆರಳು ಅಭ್ಯಾಸಬಲದಿಂದ ಆ ಮೆಟ್ಟಿಲ ಹತ್ತಿರ ಹೋಗಿ ಹುಡುಕಿತು, ಅಲ್ಲಿ ಯಾರೂ ಇರಲಿಲ್ಲ. ಇನ್ನೂ ಇಳಿದೆ. ತೀರಾ ತಳದಲ್ಲಿ, ಕೊನೆಯ ಮೆಟ್ಟಿಲ ಮೇಲೆ, ನೀರಿಗೆ ಕಾಲು ಬಿಟ್ಟುಕೊಂಡು ಒಬ್ಬ ಹೆಂಗಸು ಕೂತಿದ್ದಳು. ಗಂಟು ಹಾಕಿದ ಕೂದಲು, ಪಕ್ಕದಲ್ಲಿ ಹೆಗಲಚೀಲ, ಮಂಡಿಗೆ ಪಟ್ಟಿ.

ಇದ್ಯಾರು ಎಂದೆ.

"ಸ್ಕೇಲಿಗೆ ಮ್ಯಾಮ್. ನೀವು ಅಲ್ಲೂ ಇರ್ಬೇಕಿತ್ತು ಅನ್ನಿಸ್ತು" ಎಂದಳು.

ಕೆಂಪು ಪೆನ್ನು ಹುಡುಕುವ ನೆಪದಲ್ಲಿ ಸ್ವಲ್ಪ ಹೊತ್ತು ಚೀಲದೊಳಗೆ ಮುಖ ಇಟ್ಟುಕೊಂಡೆ. ಆಮೇಲೆ ಪೂರ್ತಿ ಮಾರ್ಕಿಗೆ ಒಂದು ಕಡಿಮೆ ಹಾಕಿದೆ. ಅನ್ಯಾಯ ಮ್ಯಾಮ್ ಎಂದು ಮುಖ ಊದಿಸಿಕೊಂಡಳು ಪಾಪ. ಕಾಣದ್ದನ್ನು ಬರೆಯಬಾರದಮ್ಮ, ಒಂದು ಮಾರ್ಕು ನನ್ನ ಹತ್ತಿರ ಇರಲಿ ಎಂದೆ.

ಈಗ ದಿನಾ ಬೆಳಿಗ್ಗೆ ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ತಪ್ಪಿಸುವುದಿಲ್ಲ. ಆ ಹುಡುಗಿ ಓದು ಮುಗಿಸುವುದರೊಳಗೆ ನಾನು ನೀರಿನ ತನಕ ಇಳಿದು, ಕೂತು, ಹತ್ತಿ ಬರಬೇಕು. ಅವಳ ಮಾರ್ಕು ಅವಳಿಗೆ ಕೊಡಬೇಕು.